ಕೀ ಅಸಲಿಯೇ, ಹಕ್ಕು ಯಾರದು?

ರಾಯಚೂರಿನಲ್ಲಿ ಕೋರ್ಟು, ತಹಸೀಲ್ದಾರ್ ಕಚೇರಿ ಕಡೆ ಓಡಾಡಿದವರಿಗೆ ಟೈಪಿಂಗ್ ಅಂಗಡಿಗಳು ಗೊತ್ತೇ ಇರುತ್ತವೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮಷೀನು, ಹೊರಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಬಾಡಿಗೆ ಕರಾರು, ಅಫಿಡವಿಟ್, ಜಾತಿ ಆದಾಯ ಪ್ರಮಾಣಪತ್ರದ ಅರ್ಜಿ ಎಲ್ಲ ಅಲ್ಲೇ ಆಗೋದು. ಅಂಥ ಒಂದು ಅಂಗಡಿಗೆ ನಾನು ಐದಾರು ವರ್ಷದಿಂದ ಕಂಪ್ಯೂಟರ್ ರಿಪೇರಿಗೆ ಹೋಗುತ್ತೇನೆ. ಅದನ್ನು ನಡೆಸುವವರನ್ನು ಎಲ್ಲರೂ ಅಕ್ಕೋರು ಅಂತಾರೆ. ನಾನೂ ಹಾಗೇ ಕರೆಯುತ್ತೇನೆ.

ಕಳೆದ ವರ್ಷ ಒಂದು ಮಧ್ಯಾಹ್ನ ಅವರ ಫೋನ್ ಬಂತು. "ಸರ, ವರ್ಡ್‌ನಾಗ ಟೈಪೇ ಆಗವಲ್ದು. ಮ್ಯಾಲ ಕೆಂಪು ಪಟ್ಟಿ ಬಂದದ. ಪಾರ್ಟಿ ಮುಂದ ಕುಂತಾರ, ಜಲ್ದಿ ಬರ್ರಿ."

ಹೋಗಿ ನೋಡಿದೆ. ಮೇಜಿನ ಮೇಲೆ ಛಾಪಾ ಕಾಗದ ಇತ್ತು. ಮಾನ್ವಿ ಕಡೆಯ ಒಬ್ಬ ಹಿರಿಯರು, ಪಕ್ಕದಲ್ಲಿ ಅವರ ಮಗ. ಇಬ್ಬರಿಗೂ ಸಂಜೆ ಬಸ್ಸಿನ ಚಿಂತೆ. ವರ್ಡ್ ತೆರೆಯುತ್ತಿತ್ತು, ಹಳೆಯ ಕರಾರು ಓದಲೂ ಬರುತ್ತಿತ್ತು. ಆದರೆ ಒಂದು ಅಕ್ಷರ ತಿದ್ದಲು ಬಿಡುತ್ತಿರಲಿಲ್ಲ. ಲೈಸೆನ್ಸ್ ಹೋದಾಗ ಮೈಕ್ರೋಸಾಫ್ಟ್ ಆಫೀಸ್ (ವರ್ಡ್ ಇರುವ ಪ್ಯಾಕೇಜು) ಮಾಡುವುದು ಹೀಗೇ. ನೋಡಬಹುದು, ಪ್ರಿಂಟ್ ತೆಗೆಯಬಹುದು, ಬರೆಯಲು ಆಗುವುದಿಲ್ಲ. ಮೂಲೆಯಲ್ಲಿದ್ದ ಅಕೌಂಟಿನ ಹೆಸರು ಒತ್ತಿ ನೋಡಿದರೆ ಯಾವುದೋ ಪರದೇಶದ ಕಾಲೇಜಿನ ಇಮೇಲ್ ವಿಳಾಸ.

ಅದು ಹತ್ತು ತಿಂಗಳ ಹಿಂದೆ ಅಕ್ಕೋರು ಆನ್‌ಲೈನ್‌ನಲ್ಲಿ 499 ರೂಪಾಯಿಗೆ ಕೊಂಡಿದ್ದ ಅಕೌಂಟು. "ಲೈಫ್‌ಟೈಮ್ ಆಫೀಸ್, 5 ಕಂಪ್ಯೂಟರ್, ಜೊತೆಗೆ ಆನ್‌ಲೈನ್ ಜಾಗ ಫ್ರೀ" ಅಂತ ಹಾಕಿದ್ದರು. ಆಗ ಅವರು ನನಗೆ ತೋರಿಸಿದ್ದರು ಕೂಡ. ನಾನು ಒಂದು ನಿಮಿಷ ನೋಡಿ, "ಆಕ್ಟಿವೇಟ್ ಆಗ್ಯಾದಲ್ರೀ ಅಕ್ಕೋರೆ, ನಡೀಲಿ ಬಿಡ್ರಿ" ಅಂದಿದ್ದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಏಕೆಂದರೆ ನಾನು ಹೇಳಿದ್ದು ತಪ್ಪು. ಆಕ್ಟಿವೇಟ್ ಆಗುವುದೇ ಬೇರೆ, ಲೈಸೆನ್ಸ್ ಇರುವುದೇ ಬೇರೆ. ಇವೆರಡರ ನಡುವಿನ ಸಂದಿಯಲ್ಲೇ ಅಗ್ಗದ ಸಾಫ್ಟ್‌ವೇರ್ ಕೀಗಳ ವ್ಯಾಪಾರ ನಡೆಯುತ್ತದೆ.

ಸಾಫ್ಟ್‌ವೇರ್ ಕೊಂಡೆ ಅಂತ ನಾವು ಹೇಳುತ್ತೇವೆ. ನಿಜವಾಗಿ ಕೊಳ್ಳುವುದು ಅದನ್ನು ಬಳಸುವ ಅನುಮತಿ. ಯಾರು ಬಳಸಬಹುದು, ಎಷ್ಟು ಕಂಪ್ಯೂಟರಿನಲ್ಲಿ, ವ್ಯಾಪಾರಕ್ಕೋ ಓದಿಗೋ, ಇನ್ನೊಬ್ಬರಿಗೆ ದಾಟಿಸಬಹುದೋ ಇಲ್ಲವೋ, ಎಲ್ಲ ಆ ಅನುಮತಿಯಲ್ಲಿ ಬರೆದಿರುತ್ತದೆ. ಅದೇ ಲೈಸೆನ್ಸ್. ಕೀ ಅನ್ನುವುದು ಅದರ ಗುರುತಿನ ನಂಬರ್, ಅಷ್ಟೇ. ವಿಂಡೋಸ್ ಕೀ ನೋಡಿದ್ದೀರಲ್ಲ? ಐದೈದು ಅಕ್ಷರದ ಐದು ಗುಂಪು, ಒಟ್ಟು 25. ಅದನ್ನು ಹಾಕಿದ ತಕ್ಷಣ ನಿಮ್ಮ ಕಂಪ್ಯೂಟರ್ ಕಂಪನಿಯ ಸರ್ವರನ್ನು ಕೇಳುತ್ತದೆ: ಈ ನಂಬರ್ ನಿಮ್ಮದಾ, ಇನ್ನೂ ಲೆಕ್ಕ ಉಳಿದಿದೆಯಾ? ಹೌದು ಅಂತ ಉತ್ತರ ಬಂದರೆ ಆಕ್ಟಿವೇಟ್. ಕೀಬೋರ್ಡ್ ಮುಂದೆ ಕೂತವರು ಯಾರು, ಅವರು ದುಡ್ಡು ಯಾರಿಗೆ ಕೊಟ್ಟರು, ಆ ಮಾರಿದವನಿಗೆ ಮಾರುವ ಹಕ್ಕಿತ್ತಾ, ಇದನ್ನೆಲ್ಲ ಆ ಕ್ಷಣಕ್ಕೆ ಸರ್ವರ್ ವಿಚಾರಿಸುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ರೇಷನ್ ಅಕ್ಕಿಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ನ್ಯಾಯಬೆಲೆ ಅಂಗಡಿಯ ಅಕ್ಕಿ ಸುಳ್ಳು ಅಕ್ಕಿಯಲ್ಲ. ಬೇಯಿಸಿದರೆ ಅನ್ನವಾಗುತ್ತದೆ. ಆದರೆ ಅದು ಕಾರ್ಡ್ ಇರುವ ಮನೆಗೆ, ಆ ಮನೆಯವರ ಊಟಕ್ಕೆ ಅಂತ ಸರ್ಕಾರ ಕೊಟ್ಟಿದ್ದು. ಅದನ್ನೇ ಯಾರೋ ಮನೆ ಮನೆಯಿಂದ ಕೂಡಿಸಿ, ಚೀಲ ಬದಲಿಸಿ ಮಾರಿದರೆ ಅಕ್ಕಿ ಅಸಲಿಯೇ, ಬಂದ ದಾರಿ ಕಳ್ಳದಾರಿ. ಲಾರಿ ಹಿಡಿದ ದಿನ ಮಾರಿದವನ ಜೊತೆ ಕೊಂಡವನ ಚೀಲವೂ ಜಪ್ತಿಯಾಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಗ್ರೇ ಮಾರ್ಕೆಟ್ ಅನ್ನುವುದು ಇದನ್ನೇ. ಹತ್ತು ಸಾವಿರದ ಮೇಲಿನ ವಿಂಡೋಸ್ ಪ್ರೋ ಲೈಸೆನ್ಸು ನಾಲ್ಕುನೂರು ಐನೂರಕ್ಕೆ ಸಿಗುತ್ತದೆ ಅಂದರೆ, ಅದು ಯಾರ ಕಾರ್ಡಿನ ಅಕ್ಕಿ ಅಂತ ಕೇಳಲೇಬೇಕು.

ಯಾರ್ಯಾರ ಕಾರ್ಡು?

ಮೊದಲನೆಯದು ಲ್ಯಾಪ್‌ಟಾಪ್ ಮಾಡುವ ಕಂಪನಿಗಳಿಗೆ ಕೊಡುವ ಲೈಸೆನ್ಸ್. ಇದಕ್ಕೆ ಓಇಎಂ ಅಂತಾರೆ. ಇದು ಆ ಒಂದು ಮಷೀನಿಗೆ ಕಟ್ಟಿದ್ದು. ಮಷೀನು ಗುಜರಿಗೆ ಹೋದರೆ ಲೈಸೆನ್ಸೂ ಅದರ ಜೊತೆ ಮುಗಿಯಬೇಕು. ಹಿಂದೆ ಕೀ ಬರೆದ ಚೀಟಿ ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿರುತ್ತಿತ್ತು. ಕಚೇರಿಗಳು ಹಳೆಯ ಕಂಪ್ಯೂಟರುಗಳನ್ನು ಹರಾಜಿಗೆ ಹಾಕಿದಾಗ ಆ ಚೀಟಿಯ ನಂಬರುಗಳನ್ನು ಬರೆದುಕೊಂಡು ಮಾರುವವರಿದ್ದರು. ವಿಂಡೋಸ್ 7, 8ರ ಹಳೆಯ ಕೀ ಹಾಕಿ ವಿಂಡೋಸ್ 10, 11 ಆಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಈಗ ಅಂಥ ಕೀ ಕೊಂಡು ಹೊಸದಾಗಿ ಹಾಕಲು ಹೋದರೆ ಕೆಲಸ ಆಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ವಿಂಡೋಸ್ ಸಮೇತ ಬರುವ ಲ್ಯಾಪ್‌ಟಾಪುಗಳ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ನೀವು ಲ್ಯಾಪ್‌ಟಾಪ್ ಕೊಂಡಾಗಲೇ ಅದಕ್ಕೆ ದುಡ್ಡು ಕೊಟ್ಟಾಗಿದೆ. ಎರಡು ವರ್ಷ ಕಳೆದು ಸ್ಲೋ ಆಯ್ತು ಅಂತ ಅಂಗಡಿಗೆ ಕೊಡುತ್ತೀರಿ. ಅವರು ಫಾರ್ಮ್ಯಾಟ್ ಹೊಡೆದು, ವಿಂಡೋಸಿನ ಹೋಮ್ ಆವೃತ್ತಿ ತೆಗೆದು ಕ್ರ್ಯಾಕ್ ಮಾಡಿದ (ಲೈಸೆನ್ಸಿನ ಬೀಗ ಮುರಿದ) ಪ್ರೋ ಆವೃತ್ತಿ ಹಾಕಿ, 500 ರೂಪಾಯಿ ತೆಗೆದುಕೊಂಡು ಕಳಿಸುತ್ತಾರೆ. ಇದ್ದ ಅಸಲಿ ಹೋಯಿತು, ನಕಲಿ ಬಂತು, ಮೇಲೆ ದುಡ್ಡೂ ಹೋಯಿತು. ನನ್ನ ಕೈಗೆ ಬರುವ ಲ್ಯಾಪ್‌ಟಾಪುಗಳಲ್ಲಿ ಇಂಥವು ಎಷ್ಟೋ. ಹೆದರಬೇಡಿ, ಆ ಕೀ ಚಿಪ್ಪಿನಲ್ಲಿ ಇನ್ನೂ ಇದೆ. ಯಾವ ಆವೃತ್ತಿ ಬಂದಿತ್ತೋ ಅದನ್ನೇ, ಸಾಮಾನ್ಯವಾಗಿ ಹೋಮ್ ಅನ್ನೇ, ಮೈಕ್ರೋಸಾಫ್ಟ್ ವೆಬ್‌ಸೈಟಿನಿಂದ ಇಳಿಸಿ ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಒಂದು ಪೈಸೆ ಖರ್ಚಿಲ್ಲ. ಕೀ ಕೊಳ್ಳಲು ಹೊರಟವರಲ್ಲಿ ಎಷ್ಟೋ ಜನರಿಗೆ ಕೀ ಬೇಕಾಗಿಯೇ ಇರುವುದಿಲ್ಲ.

ಎರಡನೆಯದು ದೊಡ್ಡ ಸಂಸ್ಥೆಗಳ ಲೈಸೆನ್ಸ್. ನೂರಾರು ಕಂಪ್ಯೂಟರ್ ಇರುವ ಕಾರ್ಖಾನೆ, ವಿಶ್ವವಿದ್ಯಾಲಯ, ಬ್ಯಾಂಕು ಒಂದೊಂದಕ್ಕೂ ಬೇರೆ ಕೀ ಹಾಕುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಅವರಿಗೆ ಒಂದೇ ಕೀಯಲ್ಲಿ ಹಲವು ಕಂಪ್ಯೂಟರ್ ಆಕ್ಟಿವೇಟ್ ಆಗುವಂತೆ ಕೊಡುತ್ತಾರೆ. ಇದರ ಹೆಸರು ಎಂಎಕೆ. ಅದರಲ್ಲಿ ಇಂತಿಷ್ಟೇ ಸಲ ಅಂತ ಲೆಕ್ಕ ಇರುತ್ತದೆ. ಒಳಗಿನ ಯಾರೋ ಆ ಕೀ ಹೊರಗೆ ಬಿಟ್ಟರೆ ಒಂದೇ ನಂಬರ್ ಹತ್ತು ಊರಿನ ಹತ್ತಾರು ಜನಕ್ಕೆ ಮಾರಾಟವಾಗುತ್ತದೆ. ಲೆಕ್ಕ ಮುಗಿದ ಮೇಲೆ ಕೊಂಡವರಿಗೆ ಆನ್‌ಲೈನ್‌ನಲ್ಲಿ ಆಗುವುದಿಲ್ಲ. ಆಗ ಮಾರುವವರು ವಾಟ್ಸಾಪಿನಲ್ಲಿ "ನಿಮ್ಮ ಪರದೆ ಮೇಲೆ ಉದ್ದನೆಯ ನಂಬರ್ ಬರುತ್ತೆ, ಫೋಟೋ ಕಳಿಸಿ" ಅಂತಾರೆ. ಅದನ್ನು ಫೋನ್ ಆಕ್ಟಿವೇಷನ್ ದಾರಿಯಲ್ಲಿ ಹಾಕಿ ಇನ್ನೊಂದು ನಂಬರ್ ವಾಪಸ್ ಕಳಿಸುತ್ತಾರೆ. ನಿಮಗೆ ಹೀಗೆ ಆಗಿದ್ದರೆ ನೀವು ಕೊಂಡಿದ್ದು ಸವೆದ ಕೀ ಅಂತ ಬಹುಮಟ್ಟಿಗೆ ತಿಳಿಯಬಹುದು. ಆ ಸಂಸ್ಥೆಗೋ ಮೈಕ್ರೋಸಾಫ್ಟಿಗೋ ಗೊತ್ತಾಗಿ ಕೀ ಬ್ಲಾಕ್ ಆದರೆ, ಮುಂದಿನ ಸಲ ಹಾರ್ಡ್ ಡಿಸ್ಕ್ ಬದಲಿಸಿ ಹೊಸದಾಗಿ ವಿಂಡೋಸ್ ಹಾಕಿದಾಗ ಅದು ಕೆಲಸಕ್ಕೆ ಬಾರದು.

ದೊಡ್ಡ ಸಂಸ್ಥೆಗಳಿಗೇ ಇನ್ನೊಂದು ದಾರಿ ಇದೆ, ಕೆಎಂಎಸ್. ಅಲ್ಲಿ ಕಂಪ್ಯೂಟರುಗಳು ಮೈಕ್ರೋಸಾಫ್ಟನ್ನು ಕೇಳುವುದಿಲ್ಲ. ಆ ಸಂಸ್ಥೆಯ ಒಳಗೇ ಇರುವ ಒಂದು ಸರ್ವರನ್ನು ಕೇಳುತ್ತವೆ. ಆ ಸರ್ವರ್ ಕೊಡುವ ಅನುಮತಿ 180 ದಿನಕ್ಕೆ. ಅದು ತೀರದ ಹಾಗೆ ಕಂಪ್ಯೂಟರು ವಾರಕ್ಕೊಮ್ಮೆ ತಾನೇ ಹೋಗಿ ನವೀಕರಿಸಿಕೊಳ್ಳುತ್ತದೆ. ಕ್ರ್ಯಾಕ್ ಹಾಕುವವರು ಇದನ್ನೇ ಹಿಡಿದುಕೊಂಡಿದ್ದಾರೆ. ನಿಮ್ಮ ಕಂಪ್ಯೂಟರಿನಲ್ಲೇ ಒಂದು ಸುಳ್ಳು ಸರ್ವರ್ ಕೂರಿಸುತ್ತಾರೆ. ಇಲ್ಲವೇ ಇಂಟರ್ನೆಟ್ಟಿನಲ್ಲಿ ಯಾರೋ ನಡೆಸುವ ಸರ್ವರಿನ ವಿಳಾಸ ಕೊಡುತ್ತಾರೆ. ನಿಮ್ಮ ಲೆಕ್ಕದ ಕಂಪ್ಯೂಟರು ವಾರಕ್ಕೊಮ್ಮೆ ಗುರುತು ಪರಿಚಯ ಇಲ್ಲದವರ ಬಾಗಿಲು ಬಡಿಯುತ್ತಿರುತ್ತದೆ. ಆ ಬಾಗಿಲು ಮುಚ್ಚಿದ ಆರು ತಿಂಗಳೊಳಗೆ ನಿಮ್ಮ ಆಕ್ಟಿವೇಷನ್ ಹೋಗುತ್ತದೆ. "ಮೊದಲು ಆಂಟಿವೈರಸ್ ಆಫ್ ಮಾಡಿ, ಆಮೇಲೆ ಇದನ್ನು ಓಡಿಸಿ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಕೆಎಂಎಸ್‌ಪಿಕೋ ಅನ್ನುವ ಇಂಥ ಸಾಧನದ ಹೆಸರಿನಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ಪ್ರೋಗ್ರಾಮ್ ಹರಡುತ್ತಿರುವುದನ್ನು 2021ರಲ್ಲಿ ಭದ್ರತಾ ಸಂಶೋಧಕರು ಬಯಲಿಗೆ ತಂದರು. ಅದು ಕದಿಯುವುದು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು, ಕಾರ್ಡಿನ ವಿವರ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕೂಡ ಕ್ರ್ಯಾಕ್ ಮೂಲಕವೇ ಬಹಳ ಹರಡಿದೆ. ಗಂಜಿನ (ಎಪಿಎಂಸಿ ಮಾರುಕಟ್ಟೆಯ) ದಲಾಲಿ ಅಂಗಡಿಯೊಂದರ ಕಂಪ್ಯೂಟರಿನಲ್ಲಿ ಏನೇನಿರುತ್ತದೆ ಯೋಚಿಸಿ. ರೈತರ ಬಾಕಿ, ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಲಾಗಿನ್ನು, ಎಲ್ಲ ಒಂದೇ ಕಡೆ.

ಇನ್ನು ವಿದ್ಯಾರ್ಥಿಗಳಿಗೆ ಕೊಟ್ಟದ್ದು, ಸಾಫ್ಟ್‌ವೇರ್ ಬರೆಯುವವರಿಗೆ ಪರೀಕ್ಷೆ ಮಾಡಲೆಂದು ಕೊಟ್ಟದ್ದು ಕೂಡ ಮಾರುಕಟ್ಟೆಗೆ ಬರುತ್ತವೆ. ವಿದ್ಯಾರ್ಥಿ ಬಸ್ ಪಾಸ್ ಹಿಡಿದು ವ್ಯಾಪಾರಿ ಪ್ರಯಾಣ ಮಾಡಿದ ಹಾಗೆ. ಕಂಡಕ್ಟರ್ ಕೇಳುವ ತನಕ ಸರಿ.

ಕದ್ದ ಕಾರ್ಡಿನಿಂದ ಬಂದ ಕೀಗಳದ್ದು ಬೇರೆಯೇ ಕತೆ. ಯಾರದೋ ಕ್ರೆಡಿಟ್ ಕಾರ್ಡ್ ವಿವರ ಕದ್ದು, ಅದರಲ್ಲಿ ನೂರಾರು ಕೀ ಕೊಂಡು, ಅರ್ಧ ಬೆಲೆಗೆ ಮಾರಿ ನಗದು ಮಾಡಿಕೊಳ್ಳುತ್ತಾರೆ. ಕಾರ್ಡಿನವರು ಬ್ಯಾಂಕಿಗೆ ದೂರು ಕೊಟ್ಟಾಗ ದುಡ್ಡು ವಾಪಸಾಗುತ್ತದೆ. ಸಾಫ್ಟ್‌ವೇರ್ ಮಾಡಿದವರ ಕೈಯಿಂದ ದುಡ್ಡೂ ಹೋಗುತ್ತದೆ, ಮೇಲೆ ಬ್ಯಾಂಕಿನ ದಂಡವೂ ಬೀಳುತ್ತದೆ. ಗೇಮುಗಳ ಲೋಕದಲ್ಲಿ ಇದು ದಾಖಲೆ ಸಮೇತ ಹೊರಬಂದಿದೆ. ಫ್ಯಾಕ್ಟೋರಿಯೋ ಎಂಬ ಗೇಮ್ ಮಾಡಿದ ಝೆಕ್ ದೇಶದ ವೂಬೆ ಸಾಫ್ಟ್‌ವೇರ್ ತನ್ನ ಕದ್ದ ಕೀಗಳು ಜಿ2ಎ ಎಂಬ ಮಾರಾಟ ತಾಣದಲ್ಲಿ ಹೋಗಿವೆ ಅಂತ ದೂರಿತು. ಪರಿಶೀಲನೆಯಲ್ಲಿ 198 ಕೀಗಳು ಹಾಗೆ ಮಾರಾಟವಾಗಿದ್ದು ಖಚಿತವಾಯಿತು. 2020ರಲ್ಲಿ ಜಿ2ಎ ಅವರಿಗೆ ಸುಮಾರು 40,000 ಡಾಲರ್ ಪರಿಹಾರ ಕೊಟ್ಟಿತು. ಅದಕ್ಕೂ ಮೊದಲು, 2015ರ ಜನವರಿಯಲ್ಲಿ, ಯೂಬಿಸಾಫ್ಟ್ ಕಂಪನಿ ಮೋಸದ ಕಾರ್ಡಿನಲ್ಲಿ ಕೊಂಡ ಕೀಗಳನ್ನು ಒಮ್ಮೆಲೇ ರದ್ದು ಮಾಡಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಜನ ದುಡ್ಡು ಕೊಟ್ಟು ಕೊಂಡ ಗೇಮೇ ಅವರ ಖಾತೆಯಲ್ಲಿ ಇರಲಿಲ್ಲ. ಗಲಾಟೆಯಾದ ಮೇಲೆ ಆಗಲೇ ಆಡುತ್ತಿದ್ದವರಿಗೆ ಮರಳಿ ಕೊಟ್ಟರು.

ಅಕೌಂಟ್ ಕೊಳ್ಳುವುದು ಎಲ್ಲಕ್ಕಿಂತ ಅಪಾಯ

ಕೀ ಹೋದರೆ ಸಾಫ್ಟ್‌ವೇರ್ ನಿಲ್ಲುತ್ತದೆ. ಅಕೌಂಟ್ ಹೋದರೆ ನಿಮ್ಮ ಕಾಗದ ಪತ್ರವೂ ಹೋಗುತ್ತದೆ. ಇದು ನನಗೆ ತಿಳಿದದ್ದು ಅಕ್ಕೋರ ಅಂಗಡಿಯಲ್ಲಿ.

ಮಾರುವವನು ಕಳಿಸುವುದು ಒಂದು ಯೂಸರ್ ನೇಮು, ಒಂದು ಪಾಸ್‌ವರ್ಡು. ಅದು ಯಾವುದೋ ಕಾಲೇಜು ಅಥವಾ ಕಂಪನಿಯ ಮೈಕ್ರೋಸಾಫ್ಟ್ 365 ಖಾತೆಯೊಳಗೆ ನಿಮ್ಮ ಹೆಸರಿನಲ್ಲಿ ತೆರೆದ ಒಂದು ಕೋಣೆ. ಕೋಣೆ ನಿಮ್ಮದು ಅನಿಸುತ್ತದೆ. ಆದರೆ ಇಡೀ ಕಟ್ಟಡದ ಬೀಗದ ಗೊಂಚಲು ಅಡ್ಮಿನ್, ಅಂದರೆ ಆ ಸಂಸ್ಥೆಯ ಖಾತೆ ನಡೆಸುವವನ, ಕೈಯಲ್ಲಿದೆ. ಅವನು ನಿಮ್ಮ ಪಾಸ್‌ವರ್ಡ್ ಬದಲಿಸಬಹುದು. ಬೇಕೆಂದರೆ ಆನ್‌ಲೈನ್ ಜಾಗದಲ್ಲಿರುವ ನಿಮ್ಮ ಒನ್‌ಡ್ರೈವ್ ಫೈಲುಗಳನ್ನು ತೆರೆದು ನೋಡಬಹುದು. ಖಾತೆಯನ್ನೇ ಅಳಿಸಬಹುದು. ಅಳಿಸಿದರೆ ಸಾಮಾನ್ಯ ನಿಯಮದಂತೆ ಫೈಲುಗಳು 30 ದಿನ ಉಳಿದು ಆಮೇಲೆ ಹೋಗುತ್ತವೆ. ಆ 30 ದಿನದಲ್ಲಿ ಅವನ್ನು ಹೊರತೆಗೆಯುವ ಅಧಿಕಾರವೂ ಅಡ್ಮಿನ್‌ದೇ, ನಿಮ್ಮದಲ್ಲ. ಪಾಸ್‌ವರ್ಡ್ ಬದಲಿಸಿಕೊಂಡಿದ್ದೇನಲ್ಲ ಅಂತ ಕೆಲವರು ಧೈರ್ಯವಾಗಿರುತ್ತಾರೆ. ಅದರಿಂದ ಅಡ್ಮಿನ್ ಕೈ ಕಟ್ಟಿದ ಹಾಗೆ ಆಗುವುದಿಲ್ಲ.

ಆ ಮಧ್ಯಾಹ್ನ ಮೊದಲು ನನ್ನ ಪೆನ್ ಡ್ರೈವಿನಲ್ಲಿದ್ದ ಲಿಬ್ರೆ ಆಫೀಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ಮಾನ್ವಿಯವರ ಕರಾರು ಟೈಪ್ ಮಾಡಿಸಿ ಕಳಿಸಿದೆವು. ಅವರಿಗೆ ಬಸ್ ಸಿಕ್ಕಿತು. ಆಮೇಲೆ ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆದೆ. ಮೂರು ವರ್ಷದ ಕೆಲಸ ಅಲ್ಲಿತ್ತು. ಒಂದೊಂದು ಫೈಲಿನ ಮುಂದೆ ಒಂದೊಂದು ಗುರುತು. ಕೆಲವಕ್ಕೆ ಹಸಿರು ಟಿಕ್, ಕೆಲವಕ್ಕೆ ನೀಲಿ ಗೆರೆಯ ಮೋಡ. ಹಸಿರು ಟಿಕ್ ಅಂದರೆ ಆ ಫೈಲ್ ಇದೇ ಡಿಸ್ಕಿನಲ್ಲಿದೆ. ಮೋಡ ಅಂದರೆ ಇಲ್ಲಿ ಬರೀ ಹೆಸರು, ಫೈಲ್ ಇರುವುದು ಆನ್‌ಲೈನಿನಲ್ಲಿ. ಹೊಸ ಅಕೌಂಟಿಗೆ ಸೈನ್ ಇನ್ ಆದ ದಿನ ಒನ್‌ಡ್ರೈವ್ "ನಿಮ್ಮ ಫೋಲ್ಡರ್ ಬ್ಯಾಕಪ್ ಮಾಡಲೇ" ಅಂತ ಕೇಳಿತ್ತು, ಅಕ್ಕೋರು ಹೌದು ಒತ್ತಿದ್ದರು. ಯಾರಾದರೂ ಒತ್ತುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಆಮೇಲೆ ಡಿಸ್ಕ್ ತುಂಬುತ್ತಿದೆ ಅಂತ ಹಳೆಯ ಫೈಲುಗಳನ್ನು ಆನ್‌ಲೈನಿಗೆ ಮಾತ್ರ ಬಿಟ್ಟು ಇಲ್ಲಿ ಜಾಗ ಖಾಲಿ ಮಾಡಿದ್ದು ನಾನೇ.

ಮೋಡದ ಗುರುತಿದ್ದ ಒಂದು ಫೈಲ್ ಒತ್ತಿದೆ. ಸುತ್ತಿತು, ಸುತ್ತಿತು, ತೆರೆಯಲಿಲ್ಲ. ಇನ್ನೊಂದು ಒತ್ತಿದೆ. ಅದೂ ಇಲ್ಲ. ಅಕ್ಕೋರು ಕುರ್ಚಿಯ ಹಿಂದೆ ನಿಂತು ಒಂದೊಂದೇ ಹೆಸರು ಓದುತ್ತಿದ್ದರು. "ಇದು ದೇವದುರ್ಗದವರದು. ಇದು ಆ ವಿಧವಾ ವೇತನದ ಅಜ್ಜಿದು. ಇದರಾಗ ಆಧಾರ್ ಸ್ಕ್ಯಾನ್ ಎಲ್ಲಾ ಇದ್ದುವಲ್ರೀ ಸರ." ನನಗೆ ಉತ್ತರ ಬರಲಿಲ್ಲ. ಫೈಲ್ ಹೋಗಿದ್ದು ಒಂದು ನೋವು. ಅದಕ್ಕಿಂತ ದೊಡ್ಡದು, ಹತ್ತು ತಿಂಗಳು ಆ ಆಧಾರ್ ಪ್ರತಿಗಳು, ಸಹಿ ಇರುವ ಕರಾರುಗಳು ಮುಖ ನೋಡದ ಒಬ್ಬರ ಕೈಯಳತೆಯಲ್ಲಿ ಇದ್ದವು. ಅಂಗಡಿಗೆ ನಂಬಿ ಕೊಟ್ಟವರಿಗೆ ಇದು ಗೊತ್ತೇ ಇಲ್ಲ. ಆನ್‌ಲೈನ್ ಸೆಂಟರ್, ಸಿಎ ಆಫೀಸು, ಶಾಲೆ, ಆಸ್ಪತ್ರೆ ನಡೆಸುವವರು ಇದೊಂದನ್ನಾದರೂ ಗಮನಿಸಬೇಕು ಅಂತ ಕೈ ಮುಗಿದು ಕೇಳುತ್ತೇನೆ. ಅಲ್ಲಿ ಹೋಗುವುದು ನಿಮ್ಮ ಗುಟ್ಟು ಮಾತ್ರ ಅಲ್ಲ.

ಅಂದ ಹಾಗೆ, "ಲೈಫ್‌ಟೈಮ್" ಅನ್ನುವ ಪದವೇ ದೊಡ್ಡ ಸುಳಿವು. ಮೈಕ್ರೋಸಾಫ್ಟ್ 365 ತಿಂಗಳ ಅಥವಾ ವರ್ಷದ ಚಂದಾ. ಅದಕ್ಕೆ ಲೈಫ್‌ಟೈಮ್ ಅನ್ನುವುದೇ ಇಲ್ಲ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಆಫೀಸ್ ಬೇರೆ ಇದೆ, ಅದಕ್ಕೆ ಆಫೀಸ್ 2021, 2024 ಅಂತ ವರ್ಷದ ಹೆಸರಿರುತ್ತದೆ. ಅಡೋಬ್ 2013ರಿಂದ ಫೋಟೋಶಾಪಿನ ಹೊಸ ಆವೃತ್ತಿಗಳನ್ನು ಚಂದಾ ಲೆಕ್ಕದಲ್ಲೇ ಕೊಡುತ್ತಿದೆ. ಆಟೋಡೆಸ್ಕ್ 2016ರಲ್ಲಿ ಆಟೋಕ್ಯಾಡಿನ ಶಾಶ್ವತ ಲೈಸೆನ್ಸ್ ಮಾರುವುದು ನಿಲ್ಲಿಸಿತು. ಕಂಪನಿಯೇ ಮಾರದ ವಸ್ತುವನ್ನು ಇನ್ನೊಬ್ಬ ಲೈಫ್‌ಟೈಮ್ ಅಂತ ಮಾರುತ್ತಿದ್ದಾನೆ ಅಂದರೆ ಮುಂದೆ ವಿಚಾರಿಸುವ ಅಗತ್ಯವೇ ಇಲ್ಲ.

ಕಾನೂನಿನ ಮಾತು

ಮಾರುವವರು ಒಂದು ವಾದ ಇಟ್ಟುಕೊಂಡಿರುತ್ತಾರೆ. "ಯುರೋಪಿನ ಕೋರ್ಟೇ ಇದು ಸರಿ ಅಂದಿದೆ" ಅಂತ. ಅವರು ಹೇಳುವುದು 2012ರ ಜುಲೈ 3ರ ತೀರ್ಪು, ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ನಡುವಿನದು. ಯುರೋಪಿನ ನ್ಯಾಯಾಲಯ ಬಳಸಿದ ಸಾಫ್ಟ್‌ವೇರ್ ಲೈಸೆನ್ಸ್ ಮರುಮಾರಾಟ ಮಾಡಬಹುದು ಅಂದಿದ್ದು ನಿಜ. ಜೊತೆಗೆ ಹಾಕಿದ ಷರತ್ತುಗಳನ್ನು ಅವರು ಹೇಳುವುದಿಲ್ಲ. ಅದು ಅವಧಿ ಇಲ್ಲದ ಲೈಸೆನ್ಸ್ ಆಗಿರಬೇಕು. ಮಾರುವವನು ತನ್ನಲ್ಲಿರುವ ಪ್ರತಿಯನ್ನು ಬಳಸಲಾಗದಂತೆ ಮಾಡಬೇಕು. ಹಲವು ಜನಕ್ಕೆ ಅಂತ ಒಟ್ಟಾಗಿ ಕೊಂಡಿದ್ದನ್ನು ಒಡೆದು ಬಿಡಿಬಿಡಿಯಾಗಿ ಮಾರುವಂತಿಲ್ಲ. ಒಂದೇ ಕೀಯನ್ನು ಹತ್ತಾರು ಜನಕ್ಕೆ ಮಾರುವವರಿಗೆ ಆ ತೀರ್ಪು ಯುರೋಪಿನಲ್ಲೂ ಆಸರೆಯಲ್ಲ. ಮತ್ತೆ ನಾವಿರುವುದು ರಾಯಚೂರಿನಲ್ಲಿ.

ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ಅದರ 63ಬಿ ಕಲಮಿನ ಪ್ರಕಾರ, ಹಕ್ಕು ಮುರಿದು ಮಾಡಿದ ಪ್ರತಿ ಅಂತ ಗೊತ್ತಿದ್ದೂ ಅದನ್ನು ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಲಾಭಕ್ಕೆ, ವ್ಯಾಪಾರಕ್ಕೆ ಬಳಸಿಲ್ಲ ಅಂತಾದರೆ ಕೋರ್ಟು ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಕ್ರ್ಯಾಕ್ ಮಾಡಿದ್ದು ಇದರೊಳಗೆ ಬರುವುದರಲ್ಲಿ ಅನುಮಾನ ಇಲ್ಲ. ಅಗ್ಗದ ಕೀ ಎಷ್ಟರಮಟ್ಟಿಗೆ ಬರುತ್ತದೆ ಅನ್ನುವುದು ಅದು ಬಂದ ದಾರಿಯ ಮೇಲೆ ನಿಲ್ಲುತ್ತದೆ. ಮನೆಯಲ್ಲಿ ಬಳಸುವವರಿಗಿಂತ ಅಂಗಡಿ, ಮಿಲ್ಲು, ಕಚೇರಿಯವರಿಗೆ ಇದರ ಬಿಸಿ ಜಾಸ್ತಿ. ಅವರಿಗೆ ಇನ್ನೊಂದು ನಷ್ಟವೂ ಇದೆ. ಅಸಲಿ ಲೈಸೆನ್ಸಿಗೆ 18 ಪರ್ಸೆಂಟ್ ಜಿಎಸ್‌ಟಿ ಹಾಕಿದ ಬಿಲ್ ಸಿಗುತ್ತದೆ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ಸಾಮಾನ್ಯವಾಗಿ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ, ಲೈಸೆನ್ಸಿನ ಬೆಲೆಯನ್ನು ಖರ್ಚಿನಲ್ಲೂ ತೋರಿಸಬಹುದು. ವಾಟ್ಸಾಪಿನಲ್ಲಿ ಬಂದ ಕೀಗೆ ಏನನ್ನು ತೋರಿಸುತ್ತೀರಿ?

ನಿಮ್ಮ ಕಂಪ್ಯೂಟರಿನಲ್ಲಿ ಏನಿದೆ ನೋಡಿಕೊಳ್ಳಿ

ವಿಂಡೋಸ್ ಗುರುತಿನ ಬಟನ್ ಮತ್ತು ಆರ್ ಅಕ್ಷರ ಒಟ್ಟಿಗೆ ಒತ್ತಿ. ಸಣ್ಣ ಡಬ್ಬಿ ಬರುತ್ತದೆ. ಅದರಲ್ಲಿ ಎಸ್, ಎಲ್, ಎಂ, ಜಿ, ಆರ್ ಐದು ಅಕ್ಷರ ಬರೆದು, ಒಂದು ಸ್ಪೇಸ್ ಬಿಟ್ಟು, ಓರೆ ಗೆರೆ (/) ಹಾಕಿ ಡಿ, ಎಲ್, ಐ ಬರೆದು ಎಂಟರ್ ಒತ್ತಿ. ಒಂದೆರಡು ಕ್ಷಣದಲ್ಲಿ ಕಿಟಕಿ ಬರುತ್ತದೆ. ಅದರಲ್ಲಿ ಚಾನೆಲ್ ಅನ್ನುವ ಪದಕ್ಕೆ ಮೊದಲು ಏನಿದೆ ಓದಿ. ರಿಟೇಲ್ ಅಂತಿದ್ದರೆ ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಬಗೆ. ಓಇಎಂ ಡಿಎಂ ಅಂತಿದ್ದರೆ ಲ್ಯಾಪ್‌ಟಾಪಿನ ಚಿಪ್ಪಿನದು, ನಿಶ್ಚಿಂತೆಯಿಂದಿರಿ. ವಾಲ್ಯೂಮ್ ಎಂಎಕೆ ಅಥವಾ ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಅಂತ ಇದ್ದು, ಆ ಕಂಪ್ಯೂಟರು ನಿಮ್ಮ ಮನೆಯದೋ ಸ್ವಂತ ಅಂಗಡಿಯದೋ ಆಗಿದ್ದರೆ, ಅದು ಇನ್ಯಾರದೋ ಸಂಸ್ಥೆಯ ಬಗೆಯ ಲೈಸೆನ್ಸ್. ಡಿಎಲ್‌ಐ ಬದಲು ಎಕ್ಸ್, ಪಿ, ಆರ್ ಬರೆದರೆ ಆಕ್ಟಿವೇಷನ್ ಕಾಯಂ ಇದೆಯಾ ಅಥವಾ ಇಂಥ ತಾರೀಖಿಗೆ ಮುಗಿಯುತ್ತದಾ ಅಂತ ಹೇಳುತ್ತದೆ. ರಿಟೇಲ್ ಅಂತ ಬಂದ ಮಾತ್ರಕ್ಕೆ ಪೂರ್ತಿ ನಂಬಬೇಡಿ. ಕದ್ದ ಕಾರ್ಡಿನಲ್ಲಿ ಕೊಂಡ ಕೀ ಕೂಡ ರಿಟೇಲ್ ಅಂತಲೇ ತೋರಿಸುತ್ತದೆ. ಬಿಲ್ ಇದೆಯಾ ಅನ್ನುವುದೇ ಕೊನೆಯ ಪರೀಕ್ಷೆ.

ದೊಡ್ಡ ಶಾಪಿಂಗ್ ತಾಣದಲ್ಲಿ ಸಿಕ್ಕಿತು ಅನ್ನುವುದೂ ಭರವಸೆಯಲ್ಲ. ಅಲ್ಲಿ ಮಾರುವವರು ಬೇರೆ ಬೇರೆ. 2020ರ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ ಅಲ್ಲಿ ಇರಲೇಬೇಕು. ಅದನ್ನು ತೆರೆದು ಓದಿ. ಮೋಸ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915, ದುಡ್ಡು ಆನ್‌ಲೈನ್ ವಂಚನೆಯಲ್ಲಿ ಹೋಗಿದ್ದರೆ 1930. ತಡ ಮಾಡದೆ ಫೋನ್ ಮಾಡಿದಷ್ಟೂ ಒಳ್ಳೆಯದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದ ಮೇಲೆ ಹೊಸದು ಹಾಕಿಸುವವರು ಜಾಸ್ತಿಯಾಗಿದ್ದಾರೆ, ಅಗ್ಗದ ಕೀ ಮಾರುವವರೂ ಜಾಸ್ತಿಯಾಗಿದ್ದಾರೆ. ಅಸಲಿ ವಿಂಡೋಸ್ 10 ಇದ್ದು, ಕಂಪ್ಯೂಟರಿಗೆ ತಾಕತ್ತಿದ್ದರೆ 11ಕ್ಕೆ ಏರುವುದು ಉಚಿತ. ಅದಕ್ಕೂ ಕೀ ಬೇಡ. ದುಡ್ಡಿಲ್ಲದವರಿಗೆ ಲಿಬ್ರೆ ಆಫೀಸ್ ಇದೆ. ಉಚಿತ, ಕಾನೂನುಬದ್ಧ, ಕನ್ನಡ ಯೂನಿಕೋಡ್ ಚೆನ್ನಾಗಿ ಬರುತ್ತದೆ. ಒಂದು ತೊಂದರೆ ಮುಚ್ಚಿಡುವುದಿಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳನ್ನು ಅದರಲ್ಲಿ ತೆರೆದಾಗ ಒಮ್ಮೊಮ್ಮೆ ಸಾಲು, ಪುಟ ಜರುಗುತ್ತವೆ. ಛಾಪಾ ಕಾಗದದ ಮೇಲೆ ಅಳತೆಗೆ ಸರಿಯಾಗಿ ಪ್ರಿಂಟ್ ತೆಗೆಯುವವರಿಗೆ ಅದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದರೆ, ಅವರ ಕಾಲೇಜು ನೋಂದಾಯಿಸಿಕೊಂಡಿದ್ದರೆ, ಅವರ ಹೆಸರಿನಲ್ಲೇ ಆಫೀಸ್ ಉಚಿತವಾಗಿ ಸಿಗುತ್ತದೆ. ಅದು ಅವರ ಓದಿಗೆ. ಅಂಗಡಿಗೆ ಅಲ್ಲ.

ಕೊನೆಗೆ, ಇಂಥ ಕೊಂಡ ಅಕೌಂಟು ನಿಮ್ಮಲ್ಲಿ ಈಗಲೂ ನಡೆಯುತ್ತಿದ್ದರೆ ಮೊದಲು ಅದರಿಂದ ಹೊರಬರಬೇಡಿ. ಸೈನ್ ಔಟ್ ಆದರೆ ಮೋಡದ ಗುರುತಿನ ಫೈಲುಗಳು ಕೈತಪ್ಪುತ್ತವೆ. ಒನ್‌ಡ್ರೈವ್ ಫೋಲ್ಡರಿನ ಮೇಲೆ ಬಲ ಬಟನ್ ಒತ್ತಿ, ಯಾವಾಗಲೂ ಈ ಕಂಪ್ಯೂಟರಿನಲ್ಲಿ ಇರಲಿ ಅನ್ನುವ ಸಾಲು ಆರಿಸಿ. ಎಲ್ಲ ಗುರುತೂ ಹಸಿರು ಆಗುವ ತನಕ ಕಾಯಿರಿ. ದೊಡ್ಡ ಫೋಲ್ಡರಾದರೆ ರಾತ್ರಿಯಿಡೀ ಬೇಕಾಗಬಹುದು. ಆಮೇಲೆ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ನಾಲ್ಕಾರು ಫೈಲ್ ತೆರೆದು ನೋಡಿ. ನಂತರ ಆನ್‌ಲೈನಿನಲ್ಲಿ ಇರುವುದನ್ನು ಅಳಿಸಿ, ಆ ಮೇಲೆ ಸೈನ್ ಔಟ್ ಆಗಿ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ಭಾಗದಲ್ಲಿ ಕೆಲಸ ಅಥವಾ ಶಾಲೆಯ ಖಾತೆ ಅನ್ನುವ ಕಡೆ ಅದು ಉಳಿದಿದ್ದರೆ ಅಲ್ಲಿಂದಲೂ ತೆಗೆಯಿರಿ.

ಅಕ್ಕೋರ ಅಂಗಡಿಯಲ್ಲಿ ಹಸಿರು ಟಿಕ್ ಇದ್ದ ಫೈಲುಗಳೆಲ್ಲ ಉಳಿದವು. ಉಳಿದವುಗಳಲ್ಲಿ ಕೆಲವನ್ನು ಗಿರಾಕಿಗಳು ತಮ್ಮ ಹತ್ತಿರ ಇದ್ದ ಪ್ರಿಂಟ್ ತಂದು ಕೊಟ್ಟಾಗ ಮತ್ತೆ ಟೈಪ್ ಮಾಡಿಕೊಂಡರು. ಈಗ ಒಂದು ಕಂಪ್ಯೂಟರಿನಲ್ಲಿ ಬಿಲ್ ಸಮೇತ ಕೊಂಡ ಆಫೀಸ್ ಇದೆ, ಇನ್ನೊಂದರಲ್ಲಿ ಲಿಬ್ರೆ ಆಫೀಸ್. ಆ ಬಿಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಡಿಯ ಟ್ರೇಡ್ ಲೈಸೆನ್ಸ್ ಪಕ್ಕದಲ್ಲೇ ಗೋಡೆಗೆ ಹೊಡೆದಿದ್ದಾರೆ. ದೇವದುರ್ಗದವರ ಫೈಲ್ ಮಾತ್ರ ಇನ್ನೂ ಸಿಕ್ಕಿಲ್ಲ.